ಒಂದು ಮೊಳ ಕುಗ್ಗಿಸಿದ ಮಗ್ಗ

ನೀಲವ್ವ ಕಾಕಿ, ಈರಪ್ಪ ಕಾಕಾ ಮಗ್ಗವನ್ನು ಸರಿಯಾಗಿಯೇ ಇಟ್ಟಿದ್ದರು. ನಿಮ್ಮ ಹೊಸ ಮನೆಯಲ್ಲಿ ಜಾಗ ಸಾಲದೆ ಅದು ಹಿಡಿಸದೆ ಹೋದದ್ದಕ್ಕೆ ಕಾರಣ ನಾನು. ಹಿಡಿಸುವುದಿಲ್ಲವೆಂದು ಬುನಾದಿ ತೋಡುವ ಮೊದಲೇ ನನಗೆ ಗೊತ್ತಿತ್ತು — ಗೊತ್ತಿದ್ದೂ ಹಿಡಿಸುತ್ತದೆ ಎಂದೆ.

ಇಷ್ಟು ಹೇಳುವುದಕ್ಕೆ ಇಷ್ಟು ವರ್ಷ ಬೇಕಾಯಿತು. ಹೇಳಿಕೊಂಡರೆ ಎದೆ ಹಗುರಾಗುತ್ತದೆ ಎನ್ನುತ್ತಾರೆ. ನನಗೆ ಹಾಗೇನೂ ಆಗುತ್ತಿಲ್ಲ. ಕಾಲು ಜೋಮು ಹಿಡಿದಾಗ ಇರುತ್ತದಲ್ಲ, ಹಾಗಿದೆ.

ಹೊಳೆಯ ಹಿನ್ನೀರು ನಿಮ್ಮ ಓಣಿಗೆ ಬರುವುದು ಖಾತ್ರಿಯಾದಾಗ ಸರ್ಕಾರದವರು ನಿಮಗೆ ಎರಡು ದಾರಿ ಕೊಟ್ಟಿದ್ದರು. ಬರೀ ಜಾಗ ತೆಗೆದುಕೊಂಡು ಮನೆಯನ್ನು ನೀವೇ ಕಟ್ಟಿಕೊಳ್ಳುವುದು. ಇಲ್ಲವೇ ಬನಹಟ್ಟಿ ರಸ್ತೆಯ ಹೊಸ ಬಡಾವಣೆಯಲ್ಲಿ ಕಟ್ಟಿ ಕೊಡುವ ಮನೆ. ಆ ಮನೆಗಳ ನಕ್ಷೆಯ ಕೆಲಸ ಜಮಖಂಡಿಯಲ್ಲಿ ನಾನಿದ್ದ ಖಾಸಗಿ ಕಚೇರಿಗೆ ಬಂತು.

ಅದೇ ಕಾಲಕ್ಕೆ ದಿಲ್ಲಿಯಲ್ಲಿ ಇಡೀ ದೇಶಕ್ಕೊಂದು ನೀತಿ ತಯಾರಾಗುತ್ತಿತ್ತು. ಸರ್ಕಾರದ ಯಾವ ಕಟ್ಟಡವನ್ನೂ ನೆಲದ ಮೇಲೆ ಕಟ್ಟುವ ಮೊದಲು ಕಂಪ್ಯೂಟರಿನೊಳಗೆ ಪೂರ್ತಿ ಕಟ್ಟಿ ನೋಡಬೇಕು ಎಂದು. ಗೋಡೆ, ಪೈಪು, ಕಿಟಕಿ, ವೈರು ಎಲ್ಲವೂ ನಿಜದ ಅಳತೆಯಲ್ಲಿ. ಒಂದು ಇನ್ನೊಂದಕ್ಕೆ ತಾಗಿದರೆ ಅಲ್ಲಿ ಕೆಂಪಾಗುತ್ತದೆ. ಕಟ್ಟಿ ಆಮೇಲೆ ಒಡೆಯುವ ಬದಲು ಮೊದಲೇ ತಿದ್ದಿಕೊಳ್ಳಬಹುದು. ಒಳ್ಳೆಯ ವಿಚಾರ — ಇವತ್ತಿಗೂ ಹಾಗೇ ನಂಬಿದ್ದೇನೆ. ಆ ನೀತಿಗೆ ಮಾದರಿಯಾಗಿ ಆರಿಸಿದ ಕೆಲವೇ ಕೆಲಸಗಳಲ್ಲಿ ನಿಮ್ಮ ಬಡಾವಣೆಯೂ ಒಂದು. ಆ ವಿದ್ಯೆ ಬರುತ್ತಿದ್ದದ್ದು ಕಚೇರಿಯಲ್ಲಿ ನನಗೊಬ್ಬನಿಗೇ. ಸೊಕ್ಕೂ ಇತ್ತು.

ನೇಕಾರರ ಮನೆ ಎಂದ ಮೇಲೆ ಮಗ್ಗವನ್ನೂ ಅದರೊಳಗೆ ಇಟ್ಟು ತೋರಿಸೋಣ ಎಂದವನು ನಾನೇ. ನಿಮ್ಮ ಸಾಲಿನಲ್ಲಿ ಉಳಿದವರೆಲ್ಲ ಆಗಲೇ ಪವರ್‌ಲೂಮಿನ ಕೂಲಿಗೆ ಹೊರಟಿದ್ದರು. ಕೈಮಗ್ಗ ಬಿಡದೆ ಇದ್ದವರು ನೀವಿಬ್ಬರೇ. ಅಳೆಯಲು ಬಂದೆ. ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದ ಕಾಕಾ ಎದ್ದು ಬಂದು ಟೇಪಿನ ಇನ್ನೊಂದು ತುದಿ ಹಿಡಿದರು. "ಯಾವೂರಪಾ? ಬೆಳಗಲಿ? ಹಂಗಾರ ನಮ್ಮ ಹುಡುಗನ ಬಿಡು," ಎಂದು ನೀವು ಚಹಾ ಕೊಟ್ಟಿರಿ. ಅವತ್ತಿನಿಂದ ನೀವು ಕಾಕಿ, ಅವರು ಕಾಕಾ. ನಾನೇನು ಮಗ್ಗ ಕಾಣದವನಲ್ಲ. ನಮ್ಮದು ಕುರಿ ಕಾಯ್ದ ಮನೆತನ, ಬೀರೇಶ್ವರನ ಒಕ್ಕಲು; ನಮ್ಮಜ್ಜ ಕಂಬಳಿ ನೇಯುತ್ತಿದ್ದ. ಮಗ್ಗದ ಮುಂದೆ ಉದ್ದ ಎಳೆಗಳ ಹಾಸನ್ನು ಎಳೆದು ಗೂಟಕ್ಕೆ ಕಟ್ಟುವ ಜಾಗವನ್ನೂ ಮಗ್ಗದಲ್ಲೇ ಲೆಕ್ಕ ಹಿಡಿಯಬೇಕೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಅಳತೆ ಸರಿಯಾಗಿಯೇ ತೆಗೆದುಕೊಂಡೆ.

ಕಂಪ್ಯೂಟರಿನೊಳಗೆ ಮಗ್ಗವನ್ನು ಇಟ್ಟ ಕೂಡಲೇ ಬಚ್ಚಲ ಗೋಡೆ ಕೆಂಪಾಯಿತು. ಹಾಸು ಕಟ್ಟುವ ಗೂಟ ಗೋಡೆಯೊಳಗೆ ಹೋಗಿತ್ತು — ಒಂದು ಮೊಳದಷ್ಟು. ಮನೆಗಳೆಲ್ಲ ಒಂದೇ ನಮೂನೆ, ಒಂದಕ್ಕೊಂದು ಅಂಟಿಕೊಂಡವು. ಒಂದು ಗೋಡೆ ಸರಿಸಿದರೆ ಇಡೀ ಸಾಲಿನ ನಕ್ಷೆ ಮತ್ತೆ ಮೊದಲಿನಿಂದ ಆಗಬೇಕು. ದಿಲ್ಲಿಯ ತಂಡ ಆ ವಾರವೇ ಬರುವುದಿತ್ತು. ನಮ್ಮ ಮೇಲಿನವರು ಹೇಳಿದ್ದು ಇಷ್ಟೇ: "ಕೆಂಪ ಎಲ್ಲೂ ಕಾಣಬಾರ್ದ ನೋಡಪಾ." ಮಗ್ಗ ಕುಗ್ಗಿಸು ಎಂದು ಅವರು ಹೇಳಲಿಲ್ಲ. ಗೋಡೆ ಸರಿಸಬೇಕಾಗುತ್ತದೆ ಸರ್ ಎಂದು ನಾನು ಹೇಳಬಹುದಿತ್ತು. ಬೈಯುತ್ತಿದ್ದರು, ಆಮೇಲೆ ಒಪ್ಪುತ್ತಿದ್ದರೋ ಏನೋ — ಕೇಳಿದ್ದರೆ ತಾನೆ.

ಮಧ್ಯಾಹ್ನ ಬುತ್ತಿ ಬಿಚ್ಚುವ ಮೊದಲು ಪರದೆಯ ಮೇಲೆ ಮಗ್ಗದ ತುದಿ ಹಿಡಿದು ಒಳಗೆ ತಳ್ಳಿ ಒಂದು ಮೊಳ ಕುಗ್ಗಿಸಿದೆ. ಕೆಂಪು ಹೋಯಿತು. ಕೈ ತೊಳೆದು ಊಟಕ್ಕೆ ಕೂತೆ.

ಆಮೇಲೆ ಓಣಿಯವರನ್ನೆಲ್ಲ ಕರೆಸಿ ಮನೆಗಳನ್ನು ತೋರಿಸಿದೆವು. ನೀವಿನ್ನೂ ಒಪ್ಪಿರಲಿಲ್ಲ. "ನಮಗ ಜಾಗಾ ಕೊಟ್ರ ಸಾಕ್ರಿ. ಮಗ್ಗಕ್ಕ ತಕ್ಕಂಗ ಮನಿ ನಾವ ಕಟ್ಕೋತೇವಿ," ಎಂದು ಎಲ್ಲರೆದುರೇ ಹೇಳಿದಿರಿ. ನಾನು ಪರದೆಯ ಮೇಲೆ ನಿಮ್ಮ ಮನೆಯ ಬಾಗಿಲು ತೆರೆದೆ. ಪಡಸಾಲೆ ದಾಟಿ ಒಳಗೆ ಹೋದರೆ ಕಾಕಾನ ಮಗ್ಗ. ಅದರ ಮೇಲೆ ಅರ್ಧ ನೇಯ್ದ ಸೀರೆಯನ್ನೂ ಹಾಕಿದ್ದೆ. ಕಾಕಾ ಎದ್ದು ಪರದೆಯ ಹತ್ತಿರ ಬಂದರು.

"ಸಾಹೇಬ್ರ, ಖರೇನ ಹಿಡಸ್ತೈತೇನ್ರಿ?"

"ಹಿಡಸ್ತೈತಿ ಕಾಕಾ. ನಿಮ್ಮ ಕಣ್ಣ ಮುಂದನ ಐತಲ್ಲ."

ಅವರು ನಿಮ್ಮ ಕಡೆ ತಿರುಗಿ, "ಇನ್ನೇನ ಬೇಕ ನಿನಗ? ಕಂಪ್ಯೂಟರ್ ಸುಳ್ಳ ಹೇಳ್ತೈತೇನ?" ಎಂದರು. ಕಟ್ಟಿ ಕೊಡುವ ಮನೆಗೇ ಕಾಕಾ ಸಹಿ ಹಾಕಿದರು.

ದಿಲ್ಲಿಯವರು ಆ ಮಗ್ಗ ನೋಡಿ ಚಪ್ಪಾಳೆ ತಟ್ಟಿದರು. ಅದರ ಚಿತ್ರ ಅವರ ವರದಿಯೊಳಗೆ ಹೋಯಿತು. ಇವತ್ತು ಹೊಸ ಇಂಜಿನಿಯರರಿಗೆ ಈ ವಿದ್ಯೆ ಕಲಿಸುವ ಕೆಲಸ ನನ್ನದು. ಎಲ್ಲೂ ಕೆಂಪಿಲ್ಲದ ಮಾದರಿ ಎಂದರೆ ಹೀಗಿರಬೇಕು ಎಂದು ಅದೇ ಚಿತ್ರ ತೋರಿಸುತ್ತೇನೆ. ತೋರಿಸಿ ಮುಂದಿನ ಚಿತ್ರಕ್ಕೆ ಹೋಗುತ್ತೇನೆ.

ಹೊಸ ಮನೆಗೆ ಹೋದ ಮೇಲೆ ಕಾಕಾ ಒಂದು ಕಡೆ ಕುಣಿ ತೋಡಿದರು, ಮುಚ್ಚಿದರು, ಇನ್ನೊಂದು ಕಡೆ ತೋಡಿದರು. ಮಗ್ಗವನ್ನು ಅಡ್ಡ ಇಟ್ಟು ನೋಡಿದರು. ಕೊನೆಗೆ ಒಂದು ದಿನ ಜಮಖಂಡಿಗೆ ಬಂದರು. ಕೂಗಾಡುತ್ತಾರೆಂದು ಕಾಯುತ್ತಿದ್ದೆ. ಅವರು ಕುರ್ಚಿಯ ತುದಿಯಲ್ಲಿ ಕೂತು, "ಸಾಹೇಬ್ರ, ನಾನ ಎಲ್ಲೋ ಇಡೂದ್ರಾಗ ತಪ್ಪಾಕತ್ತೇನಿ. ನಿಮ್ಮ ಕಂಪ್ಯೂಟರ್‌ನ್ಯಾಗ ಹೆಂಗ ಇಟ್ಟಿದ್ರಿ, ಇನ್ನೊಮ್ಮೆ ತೋರಸ್ರಿ," ಎಂದರು.

ತೋರಿಸಿದೆ. ಕುಗ್ಗಿಸಿದ ಮಗ್ಗವನ್ನೇ ತೋರಿಸಿದೆ ಕಾಕಿ. ಅವರು ಪರದೆಯ ಮೇಲೆ ಬೆರಳಿಟ್ಟು ಗೋಡೆಯಿಂದ ಗೋಡೆಯವರೆಗೆ ಸರಿಸಿ ನೋಡಿದರು. "ಹೌದ್ರಿ, ಇಲ್ಲಿ ಬರಾಬರಿ ಐತಿ. ತಪ್ಪ ನಂದ ಆತು," ಎಂದು ಎದ್ದರು. ಬಾಗಿಲ ತನಕ ಹೋಗಿ ಕಳಿಸಿ ಬಂದೆ. ಮಗ್ಗ ಕುಗ್ಗಿಸಿದ್ದು ಹೆದರಿಕೆಯಿಂದ ಎಂದಾದರೂ ಹೇಳಬಹುದೇನೋ. ಇದಕ್ಕೆ ಯಾವ ಹೆಸರಿಡಲಿ —

ಮಗ್ಗ ಹೊರಗೆ ತಗಡಿನ ಕೆಳಗೆ ಒಂದು ಮಳೆಗಾಲ ನೆನೆಯಿತು. ಆಮೇಲೆ ಕಟ್ಟಿಗೆಯ ಬೆಲೆಗೆ ಹೋಯಿತು. ಕಾಕಾ ಸಕ್ಕರೆ ಕಾರ್ಖಾನೆಯ ಗೇಟಿನಲ್ಲಿ ವಾಚ್‌ಮನ್ ಆದರು. ಮೊನ್ನೆ ಮುಧೋಳ ಬಸ್‌ಸ್ಟ್ಯಾಂಡಿನಲ್ಲಿ ನೀವಿಬ್ಬರೂ ಸಿಕ್ಕಿರಿ. ಅವರನ್ನು ಪಕ್ಕದಲ್ಲಿಟ್ಟುಕೊಂಡೇ ನೀವು ನನಗೆ, "ತನ್ನ ಮಗ್ಗದ ಅಳತಿ ತನಗ ತಿಳೀಲಿಲ್ಲ ನೋಡಪಾ ಈ ಮನಷ್ಯಾಗ," ಎಂದಿರಿ. ಹುಟ್ಟಿದಾಗಿನಿಂದ ಮಗ್ಗದ ಸದ್ದಿನಲ್ಲೇ ಬೆಳೆದವರಿಗೆ ಆ ಮಾತು. ಅವರು ನಕ್ಕರು, ಎಷ್ಟು ಸಲ ಕೇಳಿ ಅಭ್ಯಾಸವಾಗಿದೆಯೋ. ನಾನೂ ನಕ್ಕೆ.

ನಿಮಗೆ ಓದಲು ಬರುವುದಿಲ್ಲ. ಇದನ್ನು ಕಳಿಸಿದರೆ ಓದಿ ಹೇಳುವವರು ಕಾಕಾನೇ. ನಾನು ಅವರನ್ನು ಬಲ್ಲಂತೆ, ನನ್ನ ಮಾನ ಉಳಿಸಲು ಅವರು ಈ ಸಾಲುಗಳನ್ನು ನುಂಗಿಕೊಂಡು, "ಹುಡುಗ ಆರಾಮ ಅದಾನಂತ," ಎಂದು ಮಡಚಿ ಇಟ್ಟುಬಿಡುತ್ತಾರೆ. ನಿಮ್ಮ ಮಾತನ್ನು ಮತ್ತೂ ಕೇಳಿಕೊಂಡೇ ಇರುತ್ತಾರೆ. ಆದ್ದರಿಂದ ಇದನ್ನು ಕಳಿಸುವುದಿಲ್ಲ. ಈ ಸಲ ಕಾಕಾನಿಗೆ ರಜೆ ಇರುವ ದಿನ ನಾನೇ ಬರುತ್ತೇನೆ. ಅವರ ಎದುರಿಗೇ ನಿಮಗೆ ಹೇಳುತ್ತೇನೆ. ಅವರು ಬೇಡ ಬಿಡ್ರಿ ಎಂದರೂ ಹೇಳುತ್ತೇನೆ. ಆಮೇಲೆ ಬೈಯುವುದಿದ್ದರೆ ನನ್ನನ್ನು ಬೈಯಿರಿ.