ಸೇಫ್ಟಿ ರೇಜರೂ ನನ್ನ ಮೀಸೆಯೂ

ಮೊನ್ನೆ ಬ್ಲೇಡು ತರಲು ಅಂಗಡಿಗೆ ಹೋಗಿದ್ದೆ. ನನಗೆ ಬೇಕಾಗಿದ್ದದ್ದು ಎರಡೂ ಕಡೆ ಅಲಗಿರುವ, ಮೇಣದ ಕಾಗದದಲ್ಲಿ ಸುತ್ತಿ ಕೊಡುವ ಹಳೇ ಕಾಲದ ಬ್ಲೇಡು. ಅಂಗಡಿಯಲ್ಲಿದ್ದ ಹುಡುಗಿ ನನ್ನನ್ನೇ ಹಳೇ ಕಾಲದ ಸಾಮಾನಿನಂತೆ ನೋಡಿ, ಗೋಡೆಯ ತುಂಬ ನೇತುಹಾಕಿದ್ದ ಬಣ್ಣಬಣ್ಣದ ರೇಜರುಗಳಲ್ಲಿ ಒಂದನ್ನು ತೆಗೆದು ಮುಂದಿಟ್ಟಳು. "ಇದು ತಗೊಳ್ಳಿ ಅಂಕಲ್, ತುಂಬಾ ಸೇಫು. ಕಣ್ಣು ಮುಚ್ಚಿಕೊಂಡು ಮಾಡಿಕೊಂಡರೂ ಏನೂ ಆಗಲ್ಲ" ಎಂದಳು. ನನಗೆ ನಗು ಬಂತು. ಈ 'ಸೇಫು' ಎನ್ನುವ ಮಾತನ್ನು ನಂಬಿ ಒಮ್ಮೆ ಕೆಟ್ಟವನು ನಾನು. ಕೆಟ್ಟದ್ದು ನನ್ನ ಮುಖವೊಂದೇ ಆಗಿದ್ದರೆ ಚಿಂತೆಯಿರಲಿಲ್ಲ. ಅದು ಮೊದಲೇ ಅಷ್ಟೇನೂ ಚೆನ್ನಾಗಿರಲಿಲ್ಲ.

ಕೊಳ್ಳೇಗಾಲ ಇನ್ನೂ ಮದರಾಸು ಸರ್ಕಾರದ ಕೈಯಲ್ಲಿದ್ದ ಕಾಲ ಅದು. ನಾನು ಅಲ್ಲಿಯ ಬೋರ್ಡು ಸ್ಕೂಲಿಗೆ ಹೊಸದಾಗಿ ಮೇಷ್ಟ್ರಾಗಿ ಸೇರಿದ್ದೆ. ಹುಟ್ಟಿದೂರು ಹನೂರಿನಾಚೆಯ ಬಂಡಳ್ಳಿ. ನಮ್ಮ ಹೆಡ್ಮಾಸ್ತರರು ಕೊಯಮತ್ತೂರಿನ ಕಡೆಯವರು, ತಮಿಳಿನಲ್ಲಿ ಬೈದು ಕನ್ನಡದಲ್ಲಿ ಸಮಾಧಾನ ಹೇಳುವ ಒಳ್ಳೆಯ ಮನುಷ್ಯರು. ಅವರಿಗೆ ಒಂದೇ ಒಂದು ಹುಚ್ಚು, ಮೇಷ್ಟ್ರುಗಳ ಗಲ್ಲ ದಿನಾ ಬೆಳಿಗ್ಗೆ ನುಣ್ಣಗಿರಬೇಕು. ಗಡ್ಡ ಬಿಟ್ಟ ಮೇಷ್ಟ್ರು ಹೇಳಿಕೊಟ್ಟ ಲೆಕ್ಕ ಮಕ್ಕಳ ತಲೆಗೆ ಹತ್ತುವುದಿಲ್ಲವೆಂದು ಅವರು ಗಟ್ಟಿಯಾಗಿ ನಂಬಿದ್ದರು.

ದಿನಾ ಕ್ಷೌರ ಅನ್ನುವುದು ನಮ್ಮ ಕಡೆ ಕೇಳರಿಯದ ಮಾತು. ಊರಲ್ಲಿ ನಮ್ಮ ಕ್ಷೌರದ ಸಿದ್ದಯ್ಯನಿದ್ದ. ಹೊಂಗೆಮರದ ಕೆಳಗೆ ಕೂತು, ನಮ್ಮ ತಲೆಯನ್ನು ತನ್ನ ಎರಡು ಮಂಡಿಗಳ ನಡುವೆ ಸಿಗಿಸಿಕೊಂಡು, ಸೋಪಿನ ಹಂಗಿಲ್ಲದೆ ಬರೀ ನೀರು ಸವರಿ ಕತ್ತಿ ಎಳೆಯುತ್ತಿದ್ದ. ಅವನಿಗೆ ಸುಗ್ಗಿಯಲ್ಲಿ ಕಣದಿಂದಲೇ ರಾಗಿ ಹೋಗುತ್ತಿತ್ತು. ಹಾಗಾಗಿ ಅವನಿಗೂ ಅವಸರವಿಲ್ಲ, ನಮಗೂ ಅವಸರವಿಲ್ಲ. ಮಂಗಳವಾರ ಬೇಡ, ಶುಕ್ರವಾರ ಬೇಡ, ಅಮಾವಾಸ್ಯೆ ಬೇಡ, ಅವನ ಸೊಂಟ ಹಿಡಿದ ದಿನವೂ ಬೇಡ. ಉಳಿದ ದಿನಗಳಲ್ಲಿ ಅವನು ಸಿಕ್ಕರೆ ನಮ್ಮ ಪುಣ್ಯ. ಇಂಥ ನೆಮ್ಮದಿಯ ನಾಡಿನಿಂದ ಬಂದ ಗಲ್ಲವನ್ನು ಹೆಡ್ಮಾಸ್ತರರು ದಿನಬೆಳಗಾದರೆ ತಪಾಸಣೆ ಮಾಡತೊಡಗಿದಾಗ, ಸೇಫ್ಟಿ ರೇಜರು ಕೊಳ್ಳದೆ ಬೇರೆ ದಾರಿ ಉಳಿಯಲಿಲ್ಲ.

ಕೊಳ್ಳೇಗಾಲದ ಪೇಟೆಯಲ್ಲಿ ರೇಷ್ಮೆ ಸೀರೆಯ ಅಂಗಡಿಗಳ ಸಾಲು ದಾಟಿದರೆ ಮೂಲೆಯಲ್ಲೊಂದು ಷಾಪಿತ್ತು. ನಾನು ಅಲ್ಲಿ ಹೆಣ್ಣು ನೋಡಲು ಹೋದವನ ಹಾಗೆ ಕೂತು, ಒಂದೊಂದೇ ರೇಜರನ್ನು ತಿರುಗಿಸಿ ತಿರುಗಿಸಿ ನೋಡಿದೆ. ವೆಲ್ವೆಟ್ಟಿನ ಪೆಟ್ಟಿಗೆಯಲ್ಲಿ ಮಲಗಿದ್ದ ಬೆಳ್ಳಿಬಣ್ಣದ ಒಂದು ಸೀಮೆ ರೇಜರು ಮನಸ್ಸಿಗೆ ಹಿಡಿಸಿತು. ಆದರೆ ನನ್ನ ಸಂಬಳಕ್ಕೆ ಅದರ ಪೆಟ್ಟಿಗೆಯಷ್ಟೇ ಬರುತ್ತಿತ್ತು. ಕೊನೆಗೆ ಹಿತ್ತಾಳೆ ಹಿಡಿಯ, ಹೆಸರಿಲ್ಲದ ಒಂದನ್ನು ಆರಿಸಿದೆ. ಅದರ ತಲೆ ಹಿಡಿಯ ಮೇಲೆ ಸ್ವಲ್ಪ ಓರೆಯಾಗಿ ಕೂರುತ್ತಿತ್ತು. ಕೇಳಿದ್ದಕ್ಕೆ ಅಂಗಡಿಯವನು, "ಓರೆ ಅಲ್ಲ ಸಾ, ಗಲ್ಲ ಗುಂಡಗದಲ್ಲಾ, ಅದ್ಕೆ ಅಂಗೇ ಮಾಡವ್ರೆ" ಎಂದ. ಬ್ರಷ್ಷು ಕೈಗೆತ್ತಿಕೊಂಡು ಇದು ಯಾವ ಪ್ರಾಣಿಯ ಕೂದಲು ಎಂದೆ. ಅವನು ನನ್ನ ಹಣೆಯ ವಿಭೂತಿಯನ್ನು ಒಮ್ಮೆ ನೋಡಿ, "ಕುದ್ರೆದು ಸಾ, ಬರೀ ಕುದ್ರೆದು" ಎಂದ. ಕೇಳುವವರ ಹಣೆ ನೋಡಿ ಅವನು ಪ್ರಾಣಿ ಬದಲಾಯಿಸುತ್ತಿದ್ದನೆಂದು ಕಾಣುತ್ತದೆ. ಸೋಪಿನ ದುಡ್ಡು ಉಳಿಸಲು ಬಟ್ಟೆ ಒಗೆಯುವ ಬಾರ್ ಸೋಪನ್ನೇ ಮುರಿದು ಇಟ್ಟುಕೊಂಡೆ. ಬ್ಲೇಡು ಮೊಂಡಾದರೆ ಗಾಜಿನ ಲೋಟದ ಒಳಮೈಗೆ ಒತ್ತಿ ಉಜ್ಜಬೇಕು, ಮತ್ತೆ ಹರಿತವಾಗುತ್ತದೆ ಎಂಬ ವಿದ್ಯೆಯನ್ನೂ ಯಾರಿಂದಲೋ ಕಲಿತೆ. ಲೋಟ ಗೀರು ಬಿದ್ದು ಮಂಜಾಯಿತು, ಬ್ಲೇಡು ಮಾತ್ರ ಹೇಗಿತ್ತೋ ಹಾಗೇ ಇತ್ತು.

ಗಲ್ಲದ ಮೇಲೆ ನಾಕಾರು ಗಾಯಗಳಾದ ಮೇಲೆ ಕೈ ಪಳಗಿತು ಎನ್ನಿಸಿತು. ಹೀಗೆ ಅನ್ನಿಸುವುದೇ ಅಪಾಯ. ಒಂದು ಶನಿವಾರ ಬೆಳಿಗ್ಗೆ ಮೀಸೆಯ ಅಂಚನ್ನು ಸಿನಿಮಾದವರ ಹಾಗೆ ಗೆರೆ ಎಳೆದಂತೆ ತೀಡೋಣವೆಂದು ಹೊರಟೆ. ಓರೆ ತಲೆಯ ರೇಜರು ಎಡಗಡೆ ಒಂದಿಷ್ಟು ಹೆಚ್ಚಿಗೆ ತಿಂದಿತು. ಸಮ ಮಾಡಲು ಬಲಗಡೆ ತೆಗೆದೆ. ಬಲಗಡೆ ಹೆಚ್ಚಾಯಿತು. ಹೀಗೆ ನ್ಯಾಯ ಮಾಡುತ್ತಾ ಮಾಡುತ್ತಾ ಕೊನೆಗೆ ಮೂಗಿನ ಕೆಳಗೆ ನೊಣ ಕೂತಷ್ಟು ಉಳಿಯಿತು. ಆ ನೊಣವನ್ನು ಹೊತ್ತು ತರಗತಿಗೆ ಹೋಗುವ ಧೈರ್ಯ ಸಾಲದೆ ಅದನ್ನೂ ತೆಗೆದು ಹಾಕಿದೆ. ಸ್ಕೂಲಿನಲ್ಲಿ ಹೆಡ್ಮಾಸ್ತರರು ನನ್ನನ್ನು ನೋಡಿ, ಮೊದಲ ಬಾರಿಗೆ, ಮೆಚ್ಚಿ ತಲೆಯಾಡಿಸಿದರು. ನಾನೂ ಉಬ್ಬಿ ಹೋದೆ.

ಮಧ್ಯಾಹ್ನ ಊರಿಗೆ ಹೊರಟು ಬಸ್ಸಿಗೆ ಕಾಯುತ್ತಿದ್ದಾಗ ಥಟ್ಟನೆ ನೆನಪಾಯಿತು. ನಮ್ಮ ಕಡೆ ಗಂಡುಮಕ್ಕಳು ಮೀಸೆ ತೆಗೆಸುವುದು ಒಂದೇ ಒಂದು ಕಾರಣಕ್ಕೆ, ಹೆತ್ತವರು ತೀರಿಕೊಂಡಾಗ. ಅವ್ವ ಅಪ್ಪ ಇಬ್ಬರೂ ಇರುವಾಗ ಬೋಳು ತುಟಿ ಹೊತ್ತು ಬಂಡಳ್ಳಿಯ ಬೀದಿಯಲ್ಲಿ ನಡೆಯುವವನನ್ನು ಜನ ಏನೆಂದುಕೊಳ್ಳುತ್ತಾರೆ! ಇಷ್ಟು ದೊಡ್ಡ ಸಂಗತಿಯನ್ನು ಮರೆತದ್ದು ಹೇಗೆಂದರೆ, ಕೊಳ್ಳೇಗಾಲದ ಆಫೀಸುಗಳ ತುಂಬ ಮೀಸೆಯಿಲ್ಲದ ಮದರಾಸಿನ ದೊಡ್ಡ ಮನುಷ್ಯರೇ ಓಡಾಡುತ್ತಿದ್ದರು. ಅವರ ನಡುವೆ ಇದ್ದು ನನ್ನನ್ನೂ ಒಬ್ಬ ದೊಡ್ಡ ಮನುಷ್ಯ ಎಂದುಕೊಂಡುಬಿಟ್ಟಿದ್ದೆ. ಈಗ ಹೆಗಲ ಮೇಲಿನ ಟವೆಲಿನಿಂದ ಬಾಯಿ ಮುಚ್ಚಿಕೊಂಡು ನಿಂತೆ.

ಅಲ್ಲಿಗೇ ಬರಬೇಕೆ ನಮ್ಮ ಅಕ್ಕನ ಮಾವ! ಅಕ್ಕನನ್ನು ಯಳಂದೂರಿಗೆ ಕೊಟ್ಟಿತ್ತು. ಆಗ ಅದು ಮೈಸೂರು ಸೀಮೆ, ನಮಗೆ ಪರರಾಜ್ಯ. ಸಂತೆಗೆ ಬಂದಿದ್ದ ಮಾವ ವಾಪಸು ಹೊರಡಲು ಬಸ್ಸು ಹತ್ತುತ್ತಿದ್ದವರು ನನ್ನನ್ನು ಕಂಡು, "ಯಾಕ್ಲಾ ಬಾಯಿ ಮುಚ್ಕಂಡಿದ್ದಿಯೆ, ಅಲ್ಲು ನೋವಾ?" ಎಂದರು. ಉತ್ತರ ಹೇಳಲು ಟವೆಲು ತೆಗೆದೆ. ಅವರು ನನ್ನ ತುಟಿ ನೋಡಿದರು. "ಅಯ್ಯೋ ಸಿವನೇ, ಯಾವಾಗ್ಲಾ ಓದ್ರು ನಿಮ್ಮಪ್ಪ?" ಎಂದು ಎದೆ ಹಿಡಿದುಕೊಂಡರು. "ಅಯ್ಯೋ ಇಲ್ಲ ಮಾವ, ರೇಜರು..." ಎನ್ನುವಷ್ಟರಲ್ಲಿ ಬಸ್ಸು ಹೊರಟಿತು. "ನೀನು ಮುಂದಾಗು, ನಾನು ಓಗಿ ನಿಮ್ಮಕ್ಕುನ್ನ ಕರ್ಕಂಡು ಬತ್ತೀನಿ" ಎಂದು ಮಾವ ಕಿಟಕಿಯಿಂದ ಕೂಗಿದರು. ನಾನು ಟವೆಲು ಬೀಸುತ್ತಾ ಬಸ್ಸಿನ ಹಿಂದೆ ಸ್ವಲ್ಪ ದೂರ ಓಡಿದೆ. ನೋಡಿದವರಿಗೆ ಅದೂ ದುಃಖದ ಹಾಗೇ ಕಂಡಿರಬೇಕು.

ಹನೂರಿನ ಬಸ್ಸಿನಲ್ಲಿ ಜನ ಎದ್ದು ನನಗೆ ಜಾಗ ಬಿಟ್ಟರು. ಒಬ್ಬ ಅಜ್ಜಿ ತೊಡೆ ತಟ್ಟಿ, "ಸಮಾದಾನ ಮಾಡ್ಕ ಕಣಪ್ಪಾ" ಎಂದಳು. ಅಪ್ಪ ಚೆನ್ನಾಗಿದ್ದಾರೆ, ಇದು ಬ್ಲೇಡು ಜಾರಿ ಆದದ್ದು ಎಂದು ನಾನು ಬಿಡಿಸಿ ಹೇಳಿದೆ. ಆಕೆ ಪಕ್ಕದವಳ ಕಿವಿಯಲ್ಲಿ, "ಪಾಪ, ಇನ್ನೂ ನಂಬಾಕೆ ಆಯ್ತಾ ಇಲ್ಲ ಮಗೀಗೆ" ಎಂದಳು. ನಾನು ಟವೆಲನ್ನು ಮತ್ತೆ ಬಾಯಿಗೆ ಮುಚ್ಚಿಕೊಂಡೆ.

ಮನೆ ಸೇರಿದಾಗ ಅಪ್ಪ ಜಗುಲಿಯ ಮೇಲೆ ಕತ್ತಾಳೆ ನಾರಿನ ಹಗ್ಗ ಹೊಸೆಯುತ್ತಾ ಕೂತಿದ್ದರು. ಅವರು ತಲೆಯೆತ್ತಿ ನೋಡಿದರು. ಬೈಯುತ್ತಾರೆಂದು ನಾನು ಕಾದೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. "ನಾನಿನ್ನೂ ಕುಂತಿವ್ನಲ್ಲಾ ಕಣ್ಲಾ" ಎಂದರು, ಮೆಲ್ಲಗೆ. ಅರ್ಧ ಹೊಸೆದ ಹಗ್ಗವನ್ನು ಅಲ್ಲೇ ಬಿಟ್ಟು ಒಳಗೆ ಹೋದರು.

ಮಾರನೇ ದಿನ ಬೀದಿಯ ಆ ತುದಿಯಿಂದಲೇ ಅಕ್ಕನ ಅಳು ಕೇಳಿಸಿತು. ಹಿಂದೆ ಯಳಂದೂರಿನ ನೆಂಟರ ಒಂದು ದಂಡೇ ಇತ್ತು. "ಅಪ್ಪಾ, ನನ್ನ ಬುಟ್ಟು ಎಲ್ಗೋದ್ಯಪ್ಪಾ" ಎಂದು ಅವಳು ಬಾಗಿಲಲ್ಲಿ ಕುಸಿಯುವ ಹೊತ್ತಿಗೆ ಸರಿಯಾಗಿ ಅಪ್ಪ ಹಿತ್ತಲಿನಿಂದ ಚೊಂಬು ಹಿಡಿದುಕೊಂಡು ಬಂದರು. "ಎಲ್ಗೂ ಓಗಿಲ್ಲ ಕಣವ್ವಾ, ಇತ್ಲಿಗೆ ಓಗಿದ್ದೆ" ಎಂದರು. ಅಕ್ಕ ಅವರನ್ನು ತಬ್ಬಿಕೊಂಡು ಅತ್ತಳು, ನಕ್ಕಳು, ಆಮೇಲೆ ಬಟ್ಟೆಯ ಗಂಟಿನಿಂದಲೇ ನನಗೆ ಬಾರಿಸಿದಳು. ಅಷ್ಟು ಜನಕ್ಕೂ ಅವ್ವ ಮುದ್ದೆ ತಿರುವಬೇಕಾಯಿತು. ಬಂದವರೆಲ್ಲ ಉಂಡು, ಸಾಯದೆ ಸತ್ತ ಸುದ್ದಿ ಹಬ್ಬಿದರೆ ಆಯಸ್ಸು ಹೆಚ್ಚುತ್ತದೆ ಎಂದು ಅಪ್ಪನಿಗೆ ಧೈರ್ಯ ಹೇಳಿದರು. ಅಪ್ಪ ಮಾತ್ರ, "ಸುದ್ದಿ ಸುಳ್ಳು ಕಣ್ರಪ್ಪಾ, ಸರಿ. ಮೀಸೆ ಓದುದ್ದು ಸುಳ್ಳಾ?" ಎಂದು ಕೇಳಿದರು.

ನೆಂಟರು ಹೋದ ಮೇಲೆ ಅಪ್ಪನಿಗೆ ಜ್ವರ ಬಂತು. ಜ್ವರ ಬಿಟ್ಟಿತು, ಅಪ್ಪ ಮಾತ್ರ ಹಾಸಿಗೆ ಬಿಡಲಿಲ್ಲ. ಹನೂರಿನ ಡಾಕ್ಟರು ಸೀಸೆಯಲ್ಲಿ ಕೆಂಪು ಔಷಧಿ ಕೊಟ್ಟು, ಕಾಯಿಲೆಯೇನೂ ಇಲ್ಲ ಎಂದರು. "ನನ್ನ ಮಗ ಕೈಯಾರೆ ತಗ್ದವ್ನೆ. ಇನ್ನು ನಂದೇನದೆ" ಎಂದು ಅಪ್ಪ ಗೋಡೆಯ ಕಡೆ ತಿರುಗಿಕೊಂಡರು. ಅವ್ವ ನನ್ನನ್ನು ಹಿತ್ತಲಿಗೆ ಕರೆದು, "ಉಣ್ಣಾದೇ ಬುಟ್ಟವ್ರೆ ಕಣ್ಲಾ, ನಂಗೆ ಬಯ ಆಯ್ತದೆ" ಎಂದಳು. ಆ ಮಾತಿನ ಮೇಲೆ ನನ್ನ ತಮಾಷೆಯೆಲ್ಲ ಇಳಿಯಿತು. ಮೂಢನಂಬಿಕೆಯ ಮೇಲೆ ಮಕ್ಕಳಿಗೆ ಪಾಠ ಹೇಳುವ ಮೇಷ್ಟ್ರು ನಾನು. ಆದರೆ ಅಪ್ಪನ ಬೆನ್ನು ನೋಡುತ್ತಾ ನಿಂತಾಗ ನನಗೂ ಭಯವಾಯಿತು.

ಆಗ ಉಪಾಯ ಸೂಚಿಸಿದವನು ಊರಲ್ಲೇ ಬೇಸಾಯಕ್ಕಿದ್ದ ನಮ್ಮಣ್ಣ. "ಇನ್ನೇನೂ ಬ್ಯಾಡ, ಬಿರ್ನೆ ಮೀಸೆ ಬೆಳ್ಸು" ಎಂದ. ಹೇಳುವುದು ಸುಲಭ. ಅಣ್ಣನದು ಬಿತ್ತಿದರೆ ಬೆಳೆಯುವ ಮುಖ, ನನ್ನದು ಬರಡು. ಹಿಂದೆ ಇದ್ದ ಮೀಸೆಯೂ ಕಾಲೇಜಿನ ದಿನಗಳುದ್ದಕ್ಕೂ ಕಾಯಿಸಿ ಕಾಯಿಸಿ ಬಂದದ್ದು. ಹರಳೆಣ್ಣೆ ಹಚ್ಚಿದೆ. ಈರುಳ್ಳಿ ರಸ ಹಚ್ಚಿ, ತರಗತಿಯಲ್ಲಿ ಮುಂದಿನ ಸಾಲಿನ ಮಕ್ಕಳು ಕಣ್ಣು ಒರೆಸಿಕೊಳ್ಳುವಂತೆ ಮಾಡಿದೆ. ಪ್ರತಿ ಶನಿವಾರ ಊರಿಗೆ ಹೋದಾಗ ಅಪ್ಪನ ಹಾಸಿಗೆಯ ಪಕ್ಕ ಕೂತು ಮುಖ ಬಗ್ಗಿಸಬೇಕು. ಅಪ್ಪ ಮಣ್ಣು ಮುಟ್ಟಿ ನೋಡುವ ಹಾಗೆ ಹೆಬ್ಬೆರಳಿನಿಂದ ನನ್ನ ತುಟಿಯ ಮೇಲೆ ಸವರುತ್ತಿದ್ದರು. "ಎಡಗಡೆ ಒಸಿ ಎದ್ದದೆ. ಬಲಗಡೆ ಮೊಳ್ಕೆನೇ ಇಲ್ವಲ್ಲಾ" ಎಂದು ನಿಟ್ಟುಸಿರು ಬಿಡುತ್ತಿದ್ದರು. ವಾರವಾರಕ್ಕೂ ಆ ಹೆಬ್ಬೆರಳು ಹಗುರವಾಗುತ್ತಿತ್ತು. ನನ್ನ ಬಲಗಡೆ ಮಾತ್ರ ಹಟ ಹಿಡಿದು ಕೂತಿತ್ತು.

ಕೊನೆಗೆ ನಾನೊಂದು ಘನಕಾರ್ಯ ಮಾಡಿದೆ. ರೂಮಿನ ಸೀಮೆಎಣ್ಣೆ ಬುಡ್ಡಿಯ ಮಸಿಯನ್ನು ಹರಳೆಣ್ಣೆಯಲ್ಲಿ ಕಲಸಿ, ಕನ್ನಡಿ ನೋಡಿಕೊಂಡು, ಎಡಕ್ಕೂ ಬಲಕ್ಕೂ ಪೊಗದಸ್ತಾಗಿ ತೀಡಿಕೊಂಡು ಊರಿಗೆ ಹೋದೆ. ಬಾಗಿಲಲ್ಲಿ ಅವ್ವ ನೋಡಿ, "ಬಂತಲ್ಲಾ ನನ್ನಪ್ಪಾ!" ಎಂದು ಕೈ ಮುಗಿದಳು. ಅಪ್ಪನ ಪಕ್ಕ ಕೂತು ಮುಖ ಬಗ್ಗಿಸಿದೆ. ಹೆಬ್ಬೆರಳು ಎಡದಿಂದ ಬಲಕ್ಕೆ ಹೋಯಿತು, ನಿಂತಿತು. ಅಪ್ಪ ಬೆರಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಕರ್ರಗಿತ್ತು.

"ಏನ್ಲಾ ಇದು?"

"ಮೀಸೆ ಅಪ್ಪಾ" ಎಂದೆ. ಬೇರೆ ಏನೂ ತೋಚಲಿಲ್ಲ.

ಅಪ್ಪ ನನ್ನ ಮುಖವನ್ನೇ ನೋಡಿದರು. ಅವರ ಹೊಟ್ಟೆ ಮೆಲ್ಲಗೆ ಕುಲುಕತೊಡಗಿತು. ನನಗೆ ಅವರು ಅಳುತ್ತಿದ್ದಾರೆ ಅನ್ನಿಸಿತು. ಅಲ್ಲ, ನಗು. ಕೆಮ್ಮಿ, ಕಣ್ಣಲ್ಲಿ ನೀರು ಸುರಿದು, ಗೋಡೆ ಹಿಡಿದು ಎದ್ದು ಕೂತು ನಕ್ಕರು. "ಬೆಳೆ ಬರ್ನಿಲ್ಲ ಅಂತ ಒಲಕ್ಕೇ ಮಸಿ ಬಳ್ದವ್ನೆ ನೋಡಮ್ಮೀ ನಿನ್ ಮಗ! ಇವ್ನ ಕಟ್ಕಂಡು ನಾನು ಸತ್ರೆ ಊರು ನಗಾಕಿಲ್ವಾ?" ಎಂದರು. ಆಮೇಲೆ, "ಒಂಚೂರು ಮುದ್ದೆ ಇಕ್ಕು" ಎಂದರು. ಅವ್ವ ಒಲೆಯ ಮುಂದೆ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಮಾರನೇ ದಿನ ಅಪ್ಪ ಹೊಲದ ಕಡೆ ಹೋದರು. ನನ್ನ ಮೀಸೆ ತನಗೆ ತೋಚಿದಾಗ, ತನಗೆ ತೋಚಿದಷ್ಟು ಬಂತು.

ಅಪ್ಪ ನಿಜವಾಗಿಯೂ ತೀರಿಕೊಂಡದ್ದು ಎಷ್ಟೋ ವರ್ಷಗಳ ಮೇಲೆ. ಆಗ ಕೊಳ್ಳೇಗಾಲವೂ ಮೈಸೂರಿಗೆ ಸೇರಿಯಾಗಿತ್ತು. ಬಾವಿಯ ಹತ್ತಿರ ಅಣ್ಣನನ್ನೂ ನನ್ನನ್ನೂ ದಾಯಾದಿಗಳನ್ನೂ ಸಾಲಾಗಿ ಕೂರಿಸಿ, ಮುದುಕನಾಗಿದ್ದ ಸಿದ್ದಯ್ಯ ಕತ್ತಿ ಹಿಡಿದ. ಅಣ್ಣನ ಮೀಸೆ ಹೋಯಿತು. ನನ್ನ ತಲೆ ಬೋಳಿಸಿದ. ನಾನು ಮುಖವೆತ್ತಿ ಕಣ್ಣು ಮುಚ್ಚಿದೆ. ತುಟಿಯ ಮೇಲೆ ಕತ್ತಿ ಬರಲೇ ಇಲ್ಲ. ಕಣ್ಣು ಬಿಟ್ಟರೆ ಸಿದ್ದಯ್ಯ ಕತ್ತಿ ಒರೆಸುತ್ತಿದ್ದ. ದೊಡ್ಡಪ್ಪ, "ಯಾಕ್ಲಾ, ಅದ್ನೂ ತಗಿ" ಎಂದು ಗದರಿದರು.

"ತಗಿಯಾಕಿಲ್ಲ ಕಣ್ರಯ್ಯಾ" ಎಂದ ಸಿದ್ದಯ್ಯ. "ಅಪ್ಪಾರು ಬದ್ಕಿದ್ದಾಗ್ಲೇ ಯೋಳವ್ರೆ. 'ಚಿಕ್ಕೋನು ಮುಂಚೇನೇ ಕೊಟ್ಬುಟ್ಟವ್ನೆ ಕಣ್ಲಾ ಸಿದ್ದ. ಈಗಿರಾದು ನಾನು ಮನ್ಗಿದ್ದು ಕಾದು ಬೆಳ್ಸಿದ್ದು. ನನ್ನ ಬೆಳೆಗೆ ಕತ್ತಿ ಆಕ್ಬ್ಯಾಡ' ಅಂದವ್ರೆ."

ಅಲ್ಲಿಯವರೆಗೆ ನನಗೆ ಅಳು ಬಂದಿರಲಿಲ್ಲ. ಆ ಬೋಳು ಸಾಲಿನಲ್ಲಿ ನಾನೊಬ್ಬನೇ ಮೀಸೆ ಇಟ್ಟುಕೊಂಡು, ಚಿಕ್ಕ ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತೆ. ತಿಥಿ ಮುಗಿಯುವವರೆಗೂ ನೆಂಟರು ನನ್ನನ್ನು ನೋಡಿ ಗುಸುಗುಸು ಮಾತಾಡಿಕೊಂಡರು. ಮಾತಾಡಿಕೊಳ್ಳಲಿ ಬಿಡಿ ಎನ್ನಿಸಿತು.

ಇಷ್ಟೆಲ್ಲ ಯಾಕೆ ಹೇಳಿದೆನೆಂದರೆ, ನನ್ನ ಮಗನಿಗೆ ಮೀಸೆಯಿಲ್ಲ. ಮೈಸೂರಿನಲ್ಲಿ ಬ್ಯಾಂಕಿನ ಕೆಲಸ. ಸೇರಿದ ದಿನದಿಂದಲೂ ನುಣ್ಣಗೆ ತೆಗೆದುಕೊಂಡೇ ಇದ್ದಾನೆ. ಬಂದಾಗಲೆಲ್ಲ ನಾನು ಒಂದಲ್ಲ ಒಂದು ಕೊಂಕು ಆಡುತ್ತೇನೆ, ಅವನು ನಕ್ಕು ಸುಮ್ಮನಾಗುತ್ತಾನೆ. ಒಳಗೊಳಗೇ ನನಗೊಂದು ಅಸಮಾಧಾನ, ನಾನು ಹೋದಾಗ ಇವನು ಕೊಡಲು ಏನೂ ಇರುವುದಿಲ್ಲವಲ್ಲಾ ಎಂದು. ಮೊನ್ನೆ ಅಂಗಡಿಯಿಂದ ಬಂದು ಇದನ್ನೆಲ್ಲ ನೆನೆದ ಮೇಲೆ ನನಗೇ ನಾಚಿಕೆಯಾಯಿತು. ನನ್ನ ಲೆಕ್ಕವನ್ನು ಅಪ್ಪ ತಾವೇ ಚುಕ್ತಾ ಮಾಡಿ ಹೋಗಿದ್ದರು.

ಇವತ್ತು ಬೆಳಿಗ್ಗೆ ತಲೆಗೂದಲು ಕತ್ತರಿಸಿಕೊಳ್ಳುವ ನೆಪದಲ್ಲಿ ನಮ್ಮ ಬೀದಿಯ ಸಲೂನಿಗೆ ಹೋಗಿದ್ದೆ. "ನೋಡಪ್ಪಾ, ಮುಂದೆ ಯಾವತ್ತೋ ಒಂದು ದಿನ ನನ್ನ ಮಗ ನಿನ್ನ ಮುಂದೆ ಬಂದು ಕೂರುತ್ತಾನೆ. ಅವನ ತುಟಿಯ ಮೇಲೆ ತೆಗೆಯಲು ಏನೂ ಇರುವುದಿಲ್ಲ. ಆಗ ಯಾರಾದರೂ ಏನಾದರೂ ಅಂದರೆ, ಅವನದು ಆಗಲೇ ಸಂದಾಯವಾಗಿದೆ, ಅವರಪ್ಪನೇ ಹೇಳಿದ್ದಾರೆ ಅನ್ನು" ಎಂದೆ. ಸಲೂನಿನವನು ಕತ್ತರಿ ನಿಲ್ಲಿಸಿ ಕನ್ನಡಿಯಲ್ಲಿ ನನ್ನನ್ನು ನೋಡಿದ. "ಆಯ್ತು ಸಾ, ಯೋಳ್ತೀನಿ" ಎಂದ.