ಹರಕೆಯ ಹುಂಜಕ್ಕೆ ಬಾಡಿಗೆ ಮನೆ

ನಮ್ಮ ಬಡಾವಣೆಯಲ್ಲಿ ಈಚೆಗೆ ಒಂದು ಹುಂಜ ಕೂಗುತ್ತಿದೆ. ಎಲ್ಲಿಂದ ಎಂದು ಮೊದಮೊದಲು ಯಾರಿಗೂ ತಿಳಿಯಲಿಲ್ಲ. ಚಾಮರಾಜನಗರದ ಈ ಅಂಚಿನಲ್ಲಿ ಮನೆ ಕಟ್ಟಿಕೊಂಡವರು ಹೆಚ್ಚುಕಡಿಮೆ ಎಲ್ಲರೂ ನನ್ನಂತೆ ಪಿಂಚಣಿಯವರು. ನಮಗೆ ಬೆಳಗಾಗುವುದು ಹಾಲಿನವನ ಸ್ಕೂಟರಿನಿಂದ, ಅದು ತಪ್ಪಿದರೆ ಪಕ್ಕದ ಮನೆಯ ಮಿಕ್ಸಿಯಿಂದ. ಅಂಥ ಕಡೆ ಹುಂಜವೊಂದು ಕೂಗಿದರೆ ಜನ ಬೆಚ್ಚದೆ ಇರುತ್ತಾರೆಯೇ? ಪಕ್ಕದ ಮನೆಯ ನಿವೃತ್ತ ಬ್ಯಾಂಕ್ ಮ್ಯಾನೇಜರು ಕಾಂಪೌಂಡಿನ ಮೇಲಿಂದ ಕತ್ತು ಚಾಚಿ, "ಮೇಡಂ, ರೆಸಿಡೆನ್ಷಿಯಲ್ ಏರಿಯಾದಲ್ಲಿ ಕೋಳಿ ಸಾಕೋ ಹಾಗಿಲ್ಲ ಅಲ್ವಾ? ಭಾನುವಾರ ಎಲ್ಲ ಸೇರಿ ಒಂದು ಮಾತು ಹೇಳಿಬಿಡೋಣ" ಎಂದರು. ನಾನು ತಲೆಯಾಡಿಸಿದೆ. ಒಪ್ಪಿದ್ದಕ್ಕಲ್ಲ. ಈ ವಯಸ್ಸಿನಲ್ಲಿ ವಾದ ಮಾಡುವುದಕ್ಕಿಂತ ತಲೆಯಾಡಿಸುವುದು ಮಂಡಿಗೂ ಬೆನ್ನಿಗೂ ಹಿತ.

ಅವರು ಒಳಗೆ ಹೋದ ಮೇಲೆ ಗಾಳಿ ನಮ್ಮ ಕಡೆ ತಿರುಗಿತು. ಒದ್ದೆ ಬೂದಿ, ಹುಳಿತ ನುಚ್ಚು, ಕೋಳಿಯ ಹಿಕ್ಕೆ ಎಲ್ಲ ಸೇರಿದ ವಾಸನೆ. ಇದನ್ನು ಸುವಾಸನೆ ಎಂದು ಬರೆದರೆ ನೀವು ನಗುತ್ತೀರಿ. ಆದರೆ ನನಗೆ ಅದು ನಮ್ಮತ್ತೆಯ ವಾಸನೆ. ಆಕೆ ಪಕ್ಕದಲ್ಲಿ ಬಂದು ನಿಂತಂತಾಗಿ, ಹಿಡಿದಿದ್ದ ಕಾಫಿ ಲೋಟವನ್ನು ಕಟ್ಟೆಯ ಮೇಲಿಟ್ಟು ಕುಳಿತುಬಿಟ್ಟೆ.

ತೊಂಬತ್ತರ ದಶಕದ ಮೊದಲ ವರ್ಷಗಳು. ನನಗೆ ಗುಂಡ್ಲುಪೇಟೆಯ ಶಾಲೆಗೆ ವರ್ಗವಾಗಿತ್ತು. ನಮ್ಮೆಜಮಾನರಿಗೂ ಅಲ್ಲೇ ಕಚೇರಿಯಲ್ಲಿ ಗುಮಾಸ್ತರ ಕೆಲಸ. ಬಾಡಿಗೆ ಮನೆ ಹುಡುಕಿಕೊಂಡು ಬೀದಿ ಬೀದಿ ಅಲೆದೆವು. ಆಗಿನ ಕಾಲಕ್ಕೆ ಬಾಡಿಗೆಗೆ ಬಂದವರನ್ನು 'ನೀವು ಯಾವ ಜನ' ಎಂದು ನೇರವಾಗಿ ಕೇಳುವುದು ಸಣ್ಣತನ ಎನ್ನುವಷ್ಟು ನಾಗರಿಕತೆ ಗುಂಡ್ಲುಪೇಟೆಗೆ ಬಂದಿತ್ತು. ಅದರ ಬದಲು ಕೋಳಿಯನ್ನು ಕೇಳುತ್ತಿದ್ದರು. "ಕೋಳಿಗೀಳಿ ಸಾಕೋ ಅಭ್ಯಾಸ ಉಂಟಾ?" ಎಂದು ಶುರುವಾದರೆ, ಉತ್ತರ ಕೊಡುವಷ್ಟರಲ್ಲಿ ನಿಮ್ಮ ಮೂರು ತಲೆಮಾರು ಅವರಿಗೆ ಅರ್ಥವಾಗಿರುತ್ತಿತ್ತು. ಬಡಪಾಯಿ ಕೋಳಿ. ಮೊಟ್ಟೆ ಇಡುವುದು, ಕೂಗುವುದು, ಸಾರಾಗುವುದು ಸಾಲದೆಂದು ಈ ಕೆಲಸವೂ ಅದರ ತಲೆಗೇ ಬಿದ್ದಿತ್ತು.

ಕೊನೆಗೆ ಮನೆ ಕೊಟ್ಟವರು ಎಣ್ಣೆ ಹಿಂಡಿಯ ವ್ಯಾಪಾರದ ಬಸಪ್ಪನವರು. ಹಣೆ ತುಂಬ ವಿಭೂತಿ, ಮೆತ್ತಗಿನ ಮಾತು. ನಮ್ಮ ಉತ್ತರ ಕೇಳಿಯೂ ಬೀಗದ ಕೈ ಕೊಟ್ಟರು, ಅದಕ್ಕೆ ಇಂದಿಗೂ ನನಗೆ ಅವರ ಮೇಲೆ ಗೌರವವಿದೆ. "ತಪ್ಪು ತಿಳ್ಕಬೇಡಿ ಟೀಚರಮ್ಮ. ಅಡುಗೆ ಮನೇಲಿ ಬಾಡು ಬೇಯಿಸಬಾರದು, ಹಿತ್ತಲಲ್ಲಿ ಕೋಳಿ ಇರಬಾರದು. ನಾನು ಹೇಳೋ ಮಾತಲ್ಲ ಇದು, ಬೀದಿಯೋರು ಹೇಳ್ತಾರೆ" ಎಂದರು. ಈ 'ಬೀದಿಯೋರು' ಯಾರೆಂದು ನನಗೆ ಕೊನೆಯವರೆಗೂ ತಿಳಿಯಲಿಲ್ಲ. ಆ ಬೀದಿಯಲ್ಲಿ ಯಾರನ್ನು ಮಾತಾಡಿಸಿದರೂ ಬೀದಿಯವರು ಎಂದರೆ ಉಳಿದವರೇ ಆಗಿರುತ್ತಿದ್ದರು.

ನಾವು ನಿಯಮ ಪಾಲಿಸಿದೆವು. ಬಾಡು ತಿನ್ನಬೇಕೆನಿಸಿದರೆ ಅತ್ತೆಯ ಊರಾದ ಉಡಿಗಾಲಕ್ಕೆ ಹೋಗಿ ತಿಂದು, ಬಾಯಿ ತೊಳೆದುಕೊಂಡು, ಬಸ್ಸಿನಲ್ಲಿ ಎಲೆ ಅಡಿಕೆ ಹಾಕಿಕೊಂಡು ಮರಳುತ್ತಿದ್ದೆವು. ಕೇರಳದ ಕಡೆಗೆ ಕೋಳಿ ತುಂಬಿಕೊಂಡ ಲಾರಿಗಳು ದಿನವೂ ಪೇಟೆ ಸೀಳಿಕೊಂಡು ಹೋಗುತ್ತಿದ್ದವು, ಬಿಳಿ ಪುಕ್ಕ ಹಾರಿ ಬಂದು ಎಲ್ಲರ ಅಂಗಳಕ್ಕೂ ಬೀಳುತ್ತಿತ್ತು. ಅದಕ್ಕೆ ಯಾರ ತಕರಾರೂ ಇರಲಿಲ್ಲ. ನಮ್ಮ ಅಂಗಳಕ್ಕೆ ಬಿದ್ದರೆ ಮಾತ್ರ ನಾನು ಓಡಿಹೋಗಿ ಗುಡಿಸಿಬಿಡುತ್ತಿದ್ದೆ, ಲಾರಿಯದೋ ನಮ್ಮದೋ ಎಂದು ಪುಕ್ಕದ ಮೇಲೆ ಬರೆದಿರುತ್ತದೆಯೇ?

ಈಗ ಕಷ್ಟದ ಮಾತು ಹೇಳಬೇಕು. ಅದಕ್ಕೆ ಮೊದಲು ಎರಡು ಸಲ ನನಗೆ ಹೊಟ್ಟೆ ನಿಂತಿರಲಿಲ್ಲ. ಗುಂಡ್ಲುಪೇಟೆಯಲ್ಲಿ ಮೂರನೆಯ ಸಲ ದಿನ ತುಂಬತೊಡಗಿದಾಗ ಸಂತೋಷಪಡುವ ಧೈರ್ಯವೂ ಇರಲಿಲ್ಲ. ಕೂತರೆ ಭಯ, ನಿಂತರೆ ಭಯ. ನನ್ನನ್ನು ನೋಡಿಕೊಳ್ಳಲು ಉಡಿಗಾಲದಿಂದ ಅತ್ತೆ ಬಂದರು. ಚಿಕ್ಕತಾಯಮ್ಮ ಎಂದು ಹೆಸರು, ಕಂಡವರ ಹೊಲದಲ್ಲಿ ಕಳೆ ಕಿತ್ತು ಮಗನನ್ನು ಓದಿಸಿದ ಹೆಂಗಸು. ಬಸ್ಸಿಳಿದು ಬಂದವರೇ ಬಾಗಿಲು ಹಾಕಿ, ಚೀಲದೊಳಗಿಂದ ಹಳೇ ಸೀರೆಯ ಗಂಟು ಬಿಚ್ಚಿದರು. ಒಳಗೆ ಬೆಚ್ಚಗೆ ಒಂದು ಕೆಂಚು ಕೋಳಿ ಪಿಳ್ಳೆ.

"ಅತ್ತೆ, ಇಲ್ಲಿ ಕೋಳಿ ಸಾಕಬಾರದು" ಎಂದೆ.

"ಗೊತ್ತು ಕಣಮ್ಮಿ. ಇದು ಸಾಕದಲ್ಲ, ಮಾರಮ್ಮಂಗೆ ಹೇಳ್ಕಂಡಿರದು. ನಿನ್ ಮಗ ಆಗ್ಲಿ ಮಗಳಾಗ್ಲಿ, ಜೀವ್ವಾಗಿ ಕೈಗೆ ಬಂದ್ರೆ ಈ ಜೀವ ಅವಳ್ಗೆ" ಎಂದರು.

"ಆಮೇಲೆ ಸಂತೆಮರಹಳ್ಳಿ ಸಂತೆಯಲ್ಲಿ ಒಂದು ದೊಡ್ಡ ಹುಂಜ ತಂದು ಒಪ್ಪಿಸಿದರಾಯಿತು" ಎಂದು ಒಳಗಿನಿಂದ ನಮ್ಮೆಜಮಾನರು ಅಂದರು. ಅತ್ತೆ ಮಗನನ್ನು ನೋಡಿದ ನೋಟ ಇನ್ನೂ ನೆನಪಿದೆ. ಕೊಂಡು ತಂದ ಕೋಳಿ ಹರಕೆಗೆ ಆಗುವುದಿಲ್ಲ. ಯಾರಿಗಾಗಿ ಹರಕೆಯೋ ಅವರ ಮನೆಯ ಅನ್ನ ತಿಂದು, ಅವರ ಹೊಸಿಲು ದಾಟಿ ಬೆಳೆದಿರಬೇಕು. ಅದು ಅವರ ಊರಿನ ಪದ್ಧತಿ. "ಸಂತೇಲಿ ತಂದು ಕೊಡಕೆ ಮಾರಮ್ಮ ಏನ್ ನಿಮ್ ಸಾಹೇಬ್ರಾ?" ಎಂದರು. ಮಗ ಪತ್ರಿಕೆ ಎತ್ತಿಕೊಂಡರು. ಕಷ್ಟ ಬಂದಾಗ ಪತ್ರಿಕೆ ಎತ್ತಿಕೊಳ್ಳುವುದು ಅವರ ಹಳೆಯ ರೂಢಿ.

ನಾನು ಓದಿದವಳು, ಮಕ್ಕಳಿಗೆ ವಿಜ್ಞಾನ ಹೇಳುವವಳು. ಆದರೂ 'ಇದನ್ನು ಊರಿಗೆ ಕಳಿಸಿ' ಎಂದು ಮತ್ತೊಮ್ಮೆ ಹೇಳಲು ನಾಲಿಗೆ ಏಳಲಿಲ್ಲ. ಎರಡು ಸಲ ಬರಿಗೈಯಲ್ಲಿ ಆಸ್ಪತ್ರೆಯಿಂದ ಬಂದವಳ ವಿಜ್ಞಾನ ಅಷ್ಟೇ.

ಹಿತ್ತಲಿನ ಸೌದೆ ಗೂಡಿನಲ್ಲಿ ಬಿದಿರಿನ ಮಂಕರಿ ಕವುಚಿ ಅದರಡಿ ಪಿಳ್ಳೆಯನ್ನಿಟ್ಟೆವು. ಪಿಳ್ಳೆ ಇರುವವರೆಗೆ ಏನೂ ತೊಂದರೆಯಿರಲಿಲ್ಲ. ನನ್ನ ಹೊಟ್ಟೆ ಬೆಳೆದಂತೆ ಅದೂ ಬೆಳೆಯಿತು, ಜುಟ್ಟು ಮೂಡಿತು, ಒಂದು ನಸುಕಿನಲ್ಲಿ ಗಂಟಲೂ ಒಡೆಯಿತು. ಅಂದಿನಿಂದ ನಮ್ಮ ಮನೆಯ ಬೆಳಗು ನೋಡುವಂತಿತ್ತು. ಅದು ಕತ್ತೆತ್ತುವ ಸುಳಿವು ಸಿಕ್ಕಿದರೆ ಅತ್ತೆ ಖಾಲಿ ಕೊಡ ಕಲ್ಲಿಗೆ ಕುಟ್ಟುತ್ತಿದ್ದರು. ನಾನು ರೇಡಿಯೋ ಹಾಕುತ್ತಿದ್ದೆ, ಇನ್ನೂ ಸ್ಟೇಷನ್ನೇ ಶುರುವಾಗದೆ ಬರೀ ಗೊರಗೊರ. ನಮ್ಮೆಜಮಾನರು ಇಡೀ ಬೀದಿಗೆ ಕೇಳುವಂತೆ ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಬಸಪ್ಪನವರು ಒಮ್ಮೆ ಅವರನ್ನು ನಿಲ್ಲಿಸಿ, "ಕೆಮ್ಮು ಬಹಳ ದಿನದಿಂದ ಇದೆಯಲ್ಲ, ಎದೆ ಫೋಟೋ ತೆಗೆಸಿ" ಎಂದು ಕಾಳಜಿಯಿಂದ ಹೇಳಿದರು.

ಬಸಪ್ಪನವರ ಹೆಂಡತಿ ಪುಟ್ಟಮ್ಮಣ್ಣಿಯವರನ್ನು ಮಾತ್ರ ಮೋಸ ಮಾಡಲಾಗಲಿಲ್ಲ. ಒಂದು ಮಧ್ಯಾಹ್ನ ಹಿತ್ತಲಿಗೆ ಬಂದು ಮಂಕರಿಯ ಮುಂದೆ ನಿಂತರು. ಅತ್ತೆ ಸೆರಗು ಹೊದ್ದು, "ಅಮ್ಮಾವ್ರೇ, ಹರಕೇದು. ಸೊಸೆ ಹೊಟ್ಟೆ ನಿಲ್ಲಲಿ ಅಂತ" ಎಂದರು. ಪುಟ್ಟಮ್ಮಣ್ಣಿಯವರಿಗೆ ಮಕ್ಕಳಿರಲಿಲ್ಲ. ಬಗ್ಗಿ ಮಂಕರಿಯ ಸಂದಿಯಿಂದ ಒಳಗೆ ಇಣುಕಿ, "ಯಜಮಾನ್ರಿಗೆ ನಾನು ಹೇಳಕಿಲ್ಲ ಬುಡು. ಮಂಕರಿ ಒಳಗೇ ಇಟ್ಟರೆ ಅದರ ಕಾಲು ಸೊಟ್ಟ ಆಯ್ತದೆ, ಮಧ್ಯಾನದ ಹೊತ್ತು ಈಚೆ ಬುಡು" ಎಂದು ಹೇಳಿ ಹೋದರು. ಮಾರನೆಯ ದಿನ ಒಂದು ಹಿಡಿ ರಾಗಿ ತಂದರು. ಆಮೇಲೆ ದಿನವೂ ತಂದರು. ಯಜಮಾನರು ಅಂಗಡಿಗೆ ಹೋದ ಮೇಲೆ ಅವರ ಅಂಗೈಯಿಂದ ಹುಂಜ ರಾಗಿ ಹೆಕ್ಕುವುದನ್ನು ನಾನು ಕಿಟಕಿಯಿಂದ ನೋಡುತ್ತಿದ್ದೆ. ಜೀವಮಾನದಲ್ಲಿ ಕೋಳಿ ಮುಟ್ಟದ ಆ ತಾಯಿ ಅದಕ್ಕೆ 'ರಾಜ' ಎಂದು ಹೆಸರಿಟ್ಟಿದ್ದರು. ಹರಕೆಯದಕ್ಕೆ ಹೆಸರಿಡಬಾರದು ಎಂದು ಅತ್ತೆ ಗೊಣಗಿದರು, ಅವರ ಮುಂದೆ ಅಲ್ಲ.

ಮಗಳು ಹುಟ್ಟಿದಳು. ಅತ್ತಳು, ಹಾಲು ಕುಡಿದಳು, ಉಳಿದಳು. ಇದನ್ನು ಇಷ್ಟು ಚಿಕ್ಕದಾಗಿ ಬರೆದದ್ದಕ್ಕೆ ಕ್ಷಮಿಸಿ, ಉದ್ದ ಬರೆಯಹೋದರೆ ಈಗಲೂ ಕಣ್ಣು ಮಂಜಾಗುತ್ತದೆ. ಕೂಸಿಗೆ ಮೂರು ತಿಂಗಳು ತುಂಬಿದ ಮೇಲಿನ ಮಂಗಳವಾರ ಉಡಿಗಾಲದಲ್ಲಿ ಹರಕೆ ಒಪ್ಪಿಸುವುದೆಂದು ಅತ್ತೆ ನಿಶ್ಚಯಿಸಿದರು.

ಅದರ ಹಿಂದಿನ ದಿನ ಸೋಮವಾರ. ಬಸಪ್ಪನವರ ಮನೆಗೆ ಪೂಜೆಗೆ ಐನೋರು ಬಂದಿದ್ದರು. ಸಂಜೆ ಅತ್ತೆ ಹುಂಜವನ್ನು ಹಿಡಿಯಲು ಹಿತ್ತಲಿಗೆ ಹೋದವರು ಹಿಂದಿರುಗಲೇ ಇಲ್ಲ. ಹೋಗಿ ನೋಡಿದರೆ ನೆಲದ ಮೇಲೆ ಕುಳಿತಿದ್ದಾರೆ. ಎದುರಿಗೆ ಹುಂಜ. ಅದರ ನೆತ್ತಿಯ ಮೇಲೆ, ಕೆಂಪು ಜುಟ್ಟಿನ ಬುಡದಲ್ಲಿ, ಬೆಳ್ಳಗೆ ವಿಭೂತಿ.

ಪುಟ್ಟಮ್ಮಣ್ಣಿಯವರು ಗೋಡೆಯ ಬಳಿ ಕಣ್ಣೊರೆಸಿಕೊಳ್ಳುತ್ತ ನಿಂತಿದ್ದರು. "ನಾಳೆ ಓಯ್ತದಲ್ಲ ಅಂತ ಸಂಕಟ ಆಯ್ತು ಕಣವ್ವ. ಐನೋರ ಕೈಲಿ ಒಂದು ಚಿಟಿಕೆ ಇಡಿಸಿ ಪ್ರಸಾದ ತಿನ್ನಿಸ್ದೆ. ಮುಂದಿನ ಜನ್ಮನಾರ ಚೆನ್ನಾಗಿ ಬರ್ಲಿ ಅಂತ. ತಪ್ಪಾಯ್ತಾ?" ಎಂದರು.

ತಪ್ಪೇ ಆಗಿತ್ತು, ಆದರೆ ಯಾವ ಬಾಯಿಂದ ಹೇಳುವುದು? ಶಿವನಿಗೆ ಸೇರಿದ್ದನ್ನು ಮಾರಮ್ಮನಿಗೆ ಕಡಿಯುವಂತಿಲ್ಲ. ಒಬ್ಬ ದೇವರ ಪ್ರಸಾದ ತಿಂದದ್ದು ಇನ್ನೊಬ್ಬಳಿಗೆ ಎಂಜಲು. ವಿಷಯ ಬಸಪ್ಪನವರ ಕಿವಿಗೂ ಬಿತ್ತು. ಬಂದವರು ಕೂಗಾಡಲಿಲ್ಲ. ಕೂಗಾಡಿದ್ದರೆ ನಮಗೂ ಹಗುರಾಗುತ್ತಿತ್ತೇನೋ. "ವಿಭೂತಿ ಬಿದ್ದ ಜೀವ, ಕೊಲ್ಲೋಕೆ ನಾನು ಬಿಡಕ್ಕಾಗಲ್ಲ ಟೀಚರಮ್ಮ. ಹಾಗಂತ ಕೋಳಿ ಇಲ್ಲಿ ಇರೋಕೂ ಬೀದಿಯೋರು ಬಿಡಲ್ಲ" ಎಂದರು. ಕೊಲ್ಲುವಂತಿಲ್ಲ, ಸಾಕುವಂತಿಲ್ಲ. ಅಂಗಡಿಗೆ ಮಾರುವ ಮಾತೇ ಇಲ್ಲ. ಹುಂಜ ಮಾತ್ರ ಏನೂ ಆಗಿಲ್ಲವೆಂಬಂತೆ ಬಸಪ್ಪನವರ ಚಪ್ಪಲಿ ಕುಟುಕುತ್ತಿತ್ತು.

ಅತ್ತೆ ಎದ್ದು ಸೀರೆ ಕೊಡವಿಕೊಂಡರು. ಮಾರನೆಯ ದಿನ ಉಡಿಗಾಲಕ್ಕೆ ಹೋಗುವುದೆಂದು ಗೊತ್ತಿದ್ದೇ ಇತ್ತು. ಅತ್ತೆ ಹೋದರು, ಹಿಂದಿರುಗಿ ಬರಲಿಲ್ಲ. ಹೊರಡುವಾಗಲೇ, "ಜೀವ ಕೊಡ್ತೀನಿ ಅಂತ ಹೇಳ್ಕಂಡು ಕೊಡಕ್ಕಾಗ್ನಿಲ್ಲ. ಇದು ಇರಗಂಟ ನಾನೇ ಮಾರಮ್ಮನ ಗುಡಿ ಹಿಂದುಗಡೆ ಕಾಯ್ಕಂಡಿರ್ತೀನಿ. ಕೂಸಿಗೆ ಏನೂ ಆಗ್ಬಾರ್ದು ಕಣಮ್ಮಿ" ಎಂದರು. ನನ್ನ ರಜೆ ಮುಗಿಯುತ್ತ ಬಂದಿತ್ತು, ಕೈಯಲ್ಲಿ ಕೂಸು. "ನೀವಿಲ್ಲದೆ ನಾನು ಹೇಗೆ ಶಾಲೆಗೆ ಹೋಗಲಿ?" ಎಂದು ನಾನು ಅತ್ತುಬಿಟ್ಟೆ. ಬಸ್ ಸ್ಟಾಂಡಿಗೆ ಪುಟ್ಟಮ್ಮಣ್ಣಿಯವರೂ ಬಂದಿದ್ದರು. ಕಣ್ಣಲ್ಲಿ ನೀರು. ಅತ್ತೆ ಅವರ ಕೈ ಹಿಡಿದು, "ಬುಡಿ ಅಮ್ಮಾವ್ರೇ. ನಾನೂ ಒಂದ್ ಜೀವ ಉಳೀಲಿ ಅಂತ್ಲೇ ಬೇಡ್ಕಂಡಿದ್ದು. ನೀವು ಇನ್ನೊಂದ ಉಳ್ಸುದ್ರಿ" ಎಂದು ಹುಂಜವನ್ನು ಕಂಕುಳಲ್ಲಿಟ್ಟುಕೊಂಡು ಬಸ್ಸು ಹತ್ತಿದರು.

ಹುಂಜ ಉಡಿಗಾಲದಲ್ಲಿ ಬಹಳ ವರ್ಷ ಬದುಕಿತು. ಹರಕೆಯದೂ ಅಲ್ಲ, ಸಾಕಿದ್ದೂ ಅಲ್ಲ, ಊರಿನವರು ಅದರ ತಂಟೆಗೆ ಹೋಗಲಿಲ್ಲ. ಅದು ಮುಪ್ಪಾಗಿ ತಾನಾಗಿ ಸತ್ತಾಗ ನಾನು ಹೋಗಿ, ಈಗಲಾದರೂ ಗುಂಡ್ಲುಪೇಟೆಗೆ ಬನ್ನಿ ಎಂದು ಕರೆದೆ. ಅತ್ತೆ ನಕ್ಕರು. "ಕೋಳಿಗೆ ಜಾಗ ಇಲ್ದಿದ್ ಬೀದೀಲಿ ನಂಗ್ಯಾವ ಜಾಗ ಬುಡು" ಎಂದರು. ಕಹಿಯಿಂದ ಹೇಳಲಿಲ್ಲ, ಮಳೆ ಬರುತ್ತದೆ ಎನ್ನುವ ಹಾಗೆ ಹೇಳಿದರು. ನಾವು ಸ್ವಂತ ಮನೆ ಕಟ್ಟುವ ಹೊತ್ತಿಗೆ ಆಕೆ ಇರಲಿಲ್ಲ.

ಕಾಫಿ ಆರಿತ್ತು. ಸಂಜೆ ನಾನು ಕೂಗು ಬಂದ ದಿಕ್ಕು ಹಿಡಿದು ಹೊರಟೆ. ಬಡಾವಣೆಯ ಕೊನೆಯ ಮನೆಯ ಹಿಂದೆ ಒಂದು ಚಿಕ್ಕ ಬಾಡಿಗೆ ಭಾಗ. ಕುದೇರು ಕಡೆಯ ಯುವ ದಂಪತಿ ಈಚೆಗೆ ಬಂದಿದ್ದಾರೆ ಎಂದು ಕೇಳಿದ್ದೆ. ಹಿತ್ತಲಲ್ಲಿ ಒಬ್ಬಳು ಮುದುಕಿ ನುಚ್ಚು ಚೆಲ್ಲುತ್ತಿದ್ದಳು. ಎರಡು ಮಾತಾಡಿ ಬರೋಣ ಎಂದಷ್ಟೇ ಹೋದವಳು ನಾನು. ನನ್ನ ಕನ್ನಡಕ, ಇಸ್ತ್ರಿ ಮಾಡಿದ ಸೀರೆ, ಕೈಯಲ್ಲಿದ್ದ ಕೊಡೆ ಕಂಡದ್ದೇ ಅವಳು ಹುಂಜವನ್ನು ಮಂಕರಿಯಡಿ ತಳ್ಳಿ, ಅದಕ್ಕೆ ಅಡ್ಡಲಾಗಿ ನಿಂತಳು.

"ನೀವು ಬತ್ತೀರ ಅಂತ ಗೊತ್ತಿತ್ತು ಅಮ್ಮಾವ್ರೇ. ಒಂದ್ ವಾರ ತಾಳ್ಕಳಿ. ಮೊಮ್ಮಗೀಗೆ ಹೇಳ್ಕಂಡಿರದು. ಆಮೇಲೆ ಇದೂ ಇರಕಿಲ್ಲ, ನಾನೂ ಊರ್ಗೋಗ್ಬುಡ್ತೀನಿ" ಎಂದಳು.

ಸುಸ್ತಾಯಿತು. ಎಷ್ಟು ವರ್ಷದ ಸುಸ್ತೋ. "ನಾನು ಆ ಕಡೆಯವಳಲ್ಲಮ್ಮ. ನೀವೆಲ್ಲಿಗೂ ಹೋಗಬೇಡಿ. ಭಾನುವಾರದ ಮೀಟಿಂಗಿಗೆ ನಾನೇ ಹೋಗಿ ಮಾತಾಡುತ್ತೇನೆ" ಎಂದೆ. ಮೀಟಿಂಗ್ ಎಂಬ ಮಾತು ಕೇಳಿದ್ದೇ ಅವಳು, "ಒಂದೇ ವಾರ ಅಮ್ಮಾವ್ರೇ" ಎಂದು ನನಗೆ ಕೈ ಮುಗಿದಳು.