ಹದಿಮೂರನೆಯ ಬಾಣ ಯಾರ ಕೈಯದು

ಎಪ್ಪತ್ತೊಂದು ತುಂಬಿದರೂ ಬೀದಿಯವರು ಅವನನ್ನು ಕರೆಯುವುದು ದೊಡ್ಡಳಿಯ ಎಂದೇ. ಮಾವ ಹೋಗಿ ಇಪ್ಪತ್ತು ವರ್ಷವಾಯಿತು, ಮಾವನ ಬಾಣದ ಕಾರ್ಖಾನೆಯಿದ್ದ ಜಾಗದಲ್ಲಿ ಕನ್ನಡಕದ ಅಂಗಡಿ ಬಂದಿದೆ, ಆದರೂ ಅಳಿಯ ಅಳಿಯನೇ. ಆ ಹೆಸರಿನ ಬಗ್ಗೆ ಅವನಿಗೆ ಬೇಸರವಿಲ್ಲ. ಬೇಸರವೆಲ್ಲ ಆ ಹೆಸರಿನ ಹಿಂದೆಯೇ ಜನ ತಪ್ಪದೆ ಕೇಳುವ ಮಾತಿಗೆ: "ಚಿಕ್ಕಳಿಯ ಹೇಗಿದ್ದಾರೆ?"

ಚಿಕ್ಕಳಿಯನೆಂದರೆ ಅವನ ಷಡ್ಡಕ, ಹೆಂಡತಿಯ ತಂಗಿಯ ಗಂಡ. ಚೆನ್ನಾಗಿಯೇ ಇದ್ದಾನೆ, ತೊಂದರೆಯೇ ಅದು. ಅವನಿಗೆ ಇನ್ನೂ ತಲೆತುಂಬ ಕೂದಲು. ಮೆಟ್ಟಿಲು ಹತ್ತುವಾಗ ಕಂಬಿ ಹಿಡಿಯುವುದಿಲ್ಲ. ಮೊಮ್ಮಕ್ಕಳು ಅವನ ಮನೆಗೆಂದರೆ ಕುಣಿದುಕೊಂಡು ಹೋಗುತ್ತವೆ, ದೊಡ್ಡಳಿಯನ ಸ್ವಂತ ಮೊಮ್ಮಕ್ಕಳೂ ಸೇರಿ.

ಒಂದು ವಿಷಯದಲ್ಲಿ ಮಾತ್ರ ದೊಡ್ಡಳಿಯನನ್ನು ಮೀರಿಸಿದವರಿಲ್ಲ. ಹಳೆಯ ಮರದ ಬಾಣ ಕೈಗೆ ಕೊಟ್ಟರೆ ಯಾವ ಕಾಲದ್ದು, ಯಾರು ಮಾಡಿದ್ದು ಎಂದು ಹೇಳಬಲ್ಲ. ಹಳೆಯ ಸಾಮಾನು ಕೂಡಿಡುವ ಚಟದವರು ದಿನಪತ್ರಿಕೆಯಲ್ಲಿ ಸುತ್ತಿದ ಕಟ್ಟು ಹಿಡಿದು ಅವನ ಮನೆಗೆ ಬರುತ್ತಾರೆ. ಅವನು ಮೊದಲು ಮುದ್ರೆ ನೋಡುತ್ತಾನೆ. ಬೀದಿಯ ಬಾಗಿಲ ಸಂಖ್ಯೆಗಳು ಬದಲಾದ ವರ್ಷ, ವಿಳಾಸವಿದ್ದ ಕಾರ್ಖಾನೆಯ ಮುದ್ರೆಯೂ ಬದಲಾಗಿತ್ತು. ಆಮೇಲೆ ಮೊನೆ: ಲೋಹದ ಮೇಲೆ ಬೆಸುಗೆಯ ಗೆರೆ ಕಂಡರೆ ಹಳೆಯದು, ಕಾಣದಿದ್ದರೆ ಈಚಿನದು. ಕೊನೆಗೆ ಕಡ್ಡಿಯ ಮೇಲಿನ ಬಣ್ಣದ ಪಟ್ಟೆ, ಏಕೆಂದರೆ ಪ್ರತಿ ಬಿಲ್ಲುಗಾರನೂ ತನ್ನ ಬಾಣದ ಗುರುತಿಗೆ ಬೇರೆಬೇರೆ ಬಣ್ಣ ಹಾಕಿಸುತ್ತಿದ್ದ. ಎಲ್ಲ ಮುಗಿದ ಮೇಲೆ ಬಾಣವನ್ನು ಮೂಗಿಗೆ ಹಿಡಿದು ಅಂಟನ್ನು ಮೂಸುತ್ತಾನೆ. ಬಂದವರು ಬೆರಗಾಗುವುದು ಇದಕ್ಕೇ. ಮೂಸುವುದು ಬರೀ ತೋರಿಕೆಗೆ ಎಂದು ಅವನ ಹೆಂಡತಿಗೊಬ್ಬಳಿಗೆ ಗೊತ್ತು.

ಹೋದ ತಿಂಗಳು ಕ್ರೀಡಾ ಸಂಗ್ರಹಾಲಯದ ಮೇಡಂ ಫೋನ್ ಮಾಡಿದರು. ತೀರಿಕೊಂಡ ಬಿಲ್ಲುಗಾರ್ತಿಯೊಬ್ಬರ ಮನೆಯಿಂದ ಹದಿಮೂರು ಬಾಣ ಬಂದಿವೆ, ಗಾಜಿನ ಪೆಟ್ಟಿಗೆಯಲ್ಲಿ ಇಡಬೇಕು, ಒಂದೊಂದರ ಮುಂದೆಯೂ ಮಾಡಿದವರ ಹೆಸರಿನ ಕಾರ್ಡು ಇರಬೇಕು ಎಂದರು. ಪಟ್ಟೆ ಯಾವ ಬಣ್ಣ ಎಂದು ಕೇಳಿದ. "ಎರಡು ಹಳದಿ, ಒಂದು ಕಪ್ಪು ಸರ್."

ದೊಡ್ಡಳಿಯನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ನಲವತ್ತನಾಲ್ಕು ವರ್ಷದಿಂದ ಅವನು ಕಾಯುತ್ತಿದ್ದದ್ದು ಅದರಲ್ಲಿನ ಒಂದು ಬಾಣಕ್ಕಾಗಿ.

ಆಗ ಇಬ್ಬರೂ ಹೊಸ ಅಳಿಯಂದಿರು. ಈ ಬಿಲ್ಲುಗಾರ್ತಿ ಹೇಳಿ ಮಾಡಿಸಿದ ಒಂದು ಡಜನ್ ಬಾಣಗಳನ್ನು ಇಬ್ಬರೂ ಅರ್ಧರ್ಧ ಹಂಚಿಕೊಂಡು ಮಾಡಿದ್ದರು. ವಾರ ಕಳೆಯುವಷ್ಟರಲ್ಲಿ ಬಿಲ್ಲುಗಾರ್ತಿ ಒಂದನ್ನು ವಾಪಸು ತಂದು, "ಇದೊಂದು ಅಡ್ಡ ಹೋಗುತ್ತೆ" ಎಂದಳು. ಒಂದು ಬಾಣದ ಮೂರು ಗರಿಗಳೂ ಒಂದೇ ಕಡೆಯ ರೆಕ್ಕೆಯವಾಗಿರಬೇಕು, ಎಡವಾದರೆ ಮೂರೂ ಎಡ. ಕೆಲಸಕ್ಕೆ ಸೇರಿದವರಿಗೆ ಮೊದಲ ದಿನ ಹೇಳಿಕೊಡುವ ಪಾಠವದು. ಈ ಬಾಣದಲ್ಲಿ ಎರಡು ಎಡದವು, ಒಂದು ಬಲದ್ದು. ಮಾವ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು, ಹಿಂಬದಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಆಮೇಲೆ ಕೇಳಿದರು: "ಇದನ್ನ ಯಾರು ಮಾಡಿದ್ದು?"

ಮಾವ ದೊಡ್ಡಳಿಯನನ್ನು ನೋಡಿದರು, ದೊಡ್ಡಳಿಯ ಚಿಕ್ಕಳಿಯನನ್ನು ನೋಡಿದ. ಕೊನೆಗೆ ಚಿಕ್ಕಳಿಯ, "ನಂದೇ ಇರ್ಬೇಕು ಮಾವ" ಎಂದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂದು ದೊಡ್ಡಳಿಯ ಮನಸ್ಸಿನಲ್ಲೇ ಹಿಗ್ಗಿದ.

ಇದಕ್ಕಿಂತ ಸಣ್ಣ ತಪ್ಪಿಗೆ ಕೈಗೆ ಸಿಕ್ಕಿದ್ದನ್ನು ಎಸೆಯುತ್ತಿದ್ದ ಮಾವ ಅಂದು ಯಾರನ್ನೂ ಬೈಯಲಿಲ್ಲ. ಬಿಲ್ಲುಗಾರ್ತಿಗೆ ತಾವೇ ಹೊಸದೊಂದು ಮಾಡಿಕೊಟ್ಟರು. ಅವಳು ಇದೂ ಇರಲಿ ಎಂದು ನಗುತ್ತ ಕೆಟ್ಟದ್ದನ್ನೂ ಒಯ್ದಳು. ಮಾರನೆಯ ದಿನವೇ ಚಿಕ್ಕಳಿಯನ ಬೆಂಚು ಕಿಟಕಿಯ ಪಕ್ಕಕ್ಕೆ ಬಂತು. ಬಾಣದ ಮುಂಭಾಗಕ್ಕೆ ಗಟ್ಟಿ ಮರದ ತುಂಡನ್ನು ನಾಲ್ಕು ನಾಲಿಗೆಯಾಗಿ ಸೀಳಿ ಕೂಡಿಸುವ ಕೆಲಸವನ್ನು ಮಾವ ಯಾರಿಗೂ ಕಲಿಸಿರಲಿಲ್ಲ. ಅದನ್ನು ಅವನೊಬ್ಬನಿಗೆ ಕಲಿಸಿದರು. ದೊಡ್ಡಳಿಯ ಗೋಡೆಯ ಪಕ್ಕದಲ್ಲೇ ಉಳಿದ.

"ಕೆಟ್ಟ ಕೆಲಸಕ್ಕೆ ಕಿಟಕಿ, ಒಳ್ಳೆ ಕೆಲಸಕ್ಕೆ ಗೋಡೆ" ಎಂದು ಅಂದಿನಿಂದ ಹೆಂಡತಿಯ ಮುಂದೆ ಹೇಳುತ್ತ ಬಂದ. ಅವಳಿಗೆ ಅದು ಬಾಯಿಪಾಠ. ಷಡ್ಡಕ ಹೊಸ ಅಂಗಿ ಹಾಕಿದರೂ ದೊಡ್ಡಳಿಯನಿಗೆ ಹೊಟ್ಟೆ ಉರಿಯುತ್ತಿತ್ತು, ಹಳೆಯದು ಹಾಕಿದರೆ ಸರಳತೆಯ ನಾಟಕ ಎನಿಸುತ್ತಿತ್ತು. ಈಗ ಆ ತಪ್ಪು ಷಡ್ಡಕನ ಹೆಸರಿನ ಜೊತೆ ಗಾಜಿನೊಳಗೆ ಕೂರಲಿದೆ, ಮೊಮ್ಮಕ್ಕಳೂ ಓದಲಿ.

ಸಂಗ್ರಹಾಲಯದ ಉದ್ದನೆಯ ಮೇಜಿನ ಮೇಲೆ ಹದಿಮೂರು ಬಾಣಗಳು ಮಲಗಿದ್ದವು. ತನ್ನ ಕೈಕೆಲಸ ಗುರುತಿಸುವುದಕ್ಕೆ ದೊಡ್ಡಳಿಯನಿಗೆ ಒಂದು ಗುಟ್ಟಿನ ದಾರಿಯಿತ್ತು. ಬಾಣದ ಹಿಂಬದಿಯಲ್ಲಿ ಹೆದೆ ಕೂರುವ ಕಚ್ಚನ್ನು ಪ್ರತಿಯೊಬ್ಬರೂ ತಮ್ಮ ತಮ್ಮ ಅರದಿಂದ ಉಜ್ಜುತ್ತಿದ್ದರು. ಅವನ ಅರದ ಹಲ್ಲೊಂದು ಮುರಿದಿದ್ದರಿಂದ ಕಚ್ಚಿನ ತಳದಲ್ಲಿ ಕೂದಲಿನಂಥ ಎರಡು ಗೆರೆ ಬೀಳುತ್ತಿದ್ದವು. ಡಜನ್ನನ್ನು ಇಬ್ಬರೂ ಅರ್ಧರ್ಧ ಮಾಡಿದ್ದೆಂದು ಮೇಡಂಗೆ ತಿಳಿಸಿ, ಭೂತಗನ್ನಡಿ ಹಿಡಿದು ಒಂದೊಂದನ್ನೇ ನೋಡಿ ಹೆಸರು ಹೇಳಿದ. ಐದು ತನ್ನವು, ಆರು ಷಡ್ಡಕನವು, ಒಂದು ಮಾವನದು. ಹದಿಮೂರನೆಯದರ ಗರಿ ಸವರಿ ಪಕ್ಕಕ್ಕಿಟ್ಟ.

"ಇದನ್ನ ನೋಡೋದೇ ಬೇಡ ಮೇಡಂ, ಚಿಕ್ಕಳಿಯಂದು. ಗರಿ ತಪ್ಪಾಗಿದೆ ಅಂತಾನೂ ಬರ್ಕೊಳ್ಳಿ."

"ಐದು, ಆರು, ಒಂದು. ಡಜನ್ ಅರ್ಧರ್ಧ ಅಂದ್ರಲ್ಲ ಸರ್," ಎಂದರು ಮೇಡಂ. "ಇದನ್ನೂ ಒಂದ್ಸಲ ನೋಡ್ಬಿಡಿ."

ನೋಡಿದ. ಎರಡು ಗೆರೆ.

ಕನ್ನಡಿ ಒರೆಸಿ ಮತ್ತೆ ನೋಡಿದ. ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವರ ತಟ್ಟೆಯ ನೊಣ ಹುಡುಕುತ್ತ ನಲವತ್ತನಾಲ್ಕು ವರ್ಷ ಕಳೆದಿದ್ದ. ಗೆರೆಯ ಗುಟ್ಟು ಮೇಡಂಗೆ ಗೊತ್ತಿಲ್ಲ, ಹೇಳದಿದ್ದರಾಯಿತು ಎಂಬ ಯೋಚನೆಯೂ ಬಂತು. ಅದರ ಹಿಂದೆಯೇ ಮಾವ ಬಾಣದ ಹಿಂಬದಿಯನ್ನು ಕಿಟಕಿಗೆ ಹಿಡಿದದ್ದು ನೆನಪಾಯಿತು. ಮಾವ ಗೆರೆ ಕಂಡೇ ತನ್ನ ಮುಖ ನೋಡಿದ್ದರು, ತನ್ನ ಬಾಯಿಂದ ಬರಲಿ ಎಂದು ಕಾದಿದ್ದರು. ಅನ್ಯಾಯವಾಗಿ ಪ್ರೀತಿ ಪಡೆದವನ ಮೇಲೆ ಹೊಟ್ಟೆ ಉರಿದುಕೊಳ್ಳುವುದರಲ್ಲಿ ಒಂದು ಸುಖವಿತ್ತು. ಷಡ್ಡಕ ಆ ಪ್ರೀತಿಗೆ ತಕ್ಕವನೇ ಆಗಿದ್ದ ಎಂದು ತಿಳಿದಾಗ ಸುಖ ಹೋಯಿತು, ಉರಿ ಉಳಿಯಿತು.

ಮೊಗಸಾಲೆಗೆ ಬಂದು ಷಡ್ಡಕನಿಗೆ ಫೋನ್ ಮಾಡಿದ.

"ಆ ಅಡ್ಡ ಹೋಗೋ ಬಾಣ ಸಿಕ್ಕಿದೆ. ಅದು ನಂದು ಅಂತ ನಿನಗೆ ಗೊತ್ತಿತ್ತಾ?"

"ಮಾವ ಬೆಳಕಿಗೆ ಹಿಡಿದಾಗ ನಾನು ಹಿಂದೇನೇ ನಿಂತಿದ್ನಲ್ಲ ಅಣ್ಣ. ನಿಮ್ಮ ಅರದ ಎರಡು ಗೆರೆ ಕಾಣಿಸ್ತು."

"ಮತ್ತೆ ನಿಂದು ಅಂತ ಯಾಕೆ ಅಂದೆ?"

"ನೀವು ಹೇಳ್ತೀರಿ ಅಂತ ಕಾದೆ. ನೀವು ನನ್ನೇ ನೋಡ್ತಾ ಇದ್ರಿ. ಅತ್ತಿಗೆಗೆ ಆಗ ಏಳು ತಿಂಗಳು. ಮಾವ ಸಿಟ್ಟಲ್ಲಿ ನಿಮ್ಮನ್ನ ಹೊರಗೆ ಹಾಕಿದ್ರೆ ಅಂತ ಭಯ ಆಯ್ತು." ಆಮೇಲೆ ಮೆಲ್ಲಗೆ ಸೇರಿಸಿದ: "ಈಗ್ಯಾಕೆ ಅದೆಲ್ಲ. ಕಾರ್ಡಲ್ಲಿ ನನ್ನ ಹೆಸರೇ ಹಾಕಿಸ್ಬಿಡಿ. ಇಷ್ಟು ವರ್ಷ ನಂದೇ ಆಗಿತ್ತಲ್ಲ, ನನಗೇನು ಭಾರ."

ಆ ಮಾತಿನಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ದೊಡ್ಡಳಿಯ ತಡೆದುಕೊಳ್ಳುತ್ತಿದ್ದ.

"ಕಿಟಕಿ ನೀನು ತಗೊಂಡೆ, ಕೆಲಸ ನೀನು ತಗೊಂಡೆ, ಮಾವನ್ನೂ ನೀನೇ ತಗೊಂಡೆ," ಎಂದ. "ಈ ತಪ್ಪೊಂದನ್ನಾದ್ರೂ ನನಗೆ ಬಿಡೋ."

ಉತ್ತರಕ್ಕೆ ಕಾಯದೆ ಒಳಗೆ ಬಂದ. ಮೇಡಂ ಕೈಯಿಂದ ಕಾರ್ಡನ್ನೂ ಪೆನ್ನನ್ನೂ ತೆಗೆದುಕೊಂಡು, ತನ್ನ ಹೆಸರನ್ನು ಈ ಅಂಚಿನಿಂದ ಆ ಅಂಚಿನವರೆಗೆ, ಇನ್ನೊಬ್ಬರಿಗೆ ಜಾಗವೇ ಉಳಿಯದ ಹಾಗೆ ದಪ್ಪಕ್ಷರದಲ್ಲಿ ಬರೆದ.